ಒಂದೂವರೆ ನಿಮಿಷದ ಚಳಿಗಾಲ

ಕುತೈಸಿಯ ಚಿತ್ರಮಂದಿರದ ಮೊದಲ ಸಾಲಿನಲ್ಲೇ
ಕೂರಿಸಿದರು ನನ್ನನ್ನು, ಮಡಿಲಿಗೊಂದು ಹೂಗುಚ್ಛ ಇಟ್ಟು.
ಮೊದಲ ಸಾಲಿನಿಂದ ಪರದೆಯ ಮೇಲಿನವರ
ಮೂಗಿನ ಹೊಳ್ಳೆಯಷ್ಟೇ ಸರಿಯಾಗಿ ಕಾಣುವುದು.
ಕತ್ತೆತ್ತಿ ನೋಡಿದೆ: ನಾನು.
ಇಪ್ಪತ್ತೊಂಬತ್ತರ ನಾನು, ತಿದ್ದಿದ ಹುಬ್ಬಿನ ನಾನು,
ಗಂಡನ ಹೆಣದ ಮುಂದೆ
ಒಂದೇ ಕಣ್ಣಿನಿಂದ ಅಳಬಲ್ಲ ನಾನು.

ತಪ್ಪು ಹೇಳಬಾರದು, ಹುಡುಗಿ ಒಳ್ಳೆಯವಳು.
ಚಿತ್ರೀಕರಣಕ್ಕೆ ಮುಂಚೆ ಎರಡು ದಿನ ನನ್ನ ಮನೆಯಲ್ಲಿದ್ದಳು.
ನಾನು ಹಿಟ್ಟು ನಾದಿದ ಹಾಗೆ ನಾದಿದಳು,
ಕುಂಟಿದ ಹಾಗೆ ಕುಂಟಿದಳು.
ಆ ಕಾಲದಲ್ಲಿ ನಾನು ಕುಂಟುತ್ತಿರಲಿಲ್ಲ.
ಹೇಳಲು ಮರೆತೆ.

ಕರೆಂಟಿಲ್ಲದ ಆ ಮೂರು ಚಳಿಗಾಲ
ಪಿಟೀಲು ಶುರುವಾಗಿ ನಿಲ್ಲುವಷ್ಟರಲ್ಲಿ ಮುಗಿದವು.
ಎಣಿಸಿದೆ. ಒಂದೂವರೆ ನಿಮಿಷ.
ಹಿಮ ಬಿತ್ತು, ಕರಗಿತು, ಬಿತ್ತು, ಕರಗಿತು,
ಮಗುವಿನ ಹಾಲುಹಲ್ಲು ಬಿದ್ದು ಹೊಸದು ಬಂತು.
ಅವಳು ಬ್ರೆಡ್ಡಿನ ಸಾಲಿನಲ್ಲಿ ನಿಂತಳು,
ರೆಪ್ಪೆ ಬಡಿಯುವಷ್ಟರಲ್ಲಿ ಬ್ರೆಡ್ಡು ಅವಳ ಕಂಕುಳಲ್ಲಿತ್ತು.

ನಾನು ನಿಲ್ಲುತ್ತಿದ್ದದ್ದು ಬೆಳಗಿನ ಜಾವ ನಾಲ್ಕರಿಂದ.
ಅಂಗೈ ಮೇಲೆ ಶಾಯಿಯಲ್ಲಿ ನಂಬರು, ಇನ್ನೂರ ಹದಿನೇಳು.
ಅಳಿಸೀತೆಂದು ಮುಷ್ಟಿ ಕಟ್ಟದೆ, ಜೇಬಿಗೂ ಇಳಿಸದೆ
ನನ್ನ ಕೈಯನ್ನು ಯಾರದೋ ಕೂಸಿನಂತೆ
ಮುಂದೆ ಹಿಡಿದುಕೊಂಡು ನಿಲ್ಲುತ್ತಿದ್ದೆ.
ಇನ್ನೂರ ಹದಿನಾರು, ಭೌತಶಾಸ್ತ್ರದ ಗಿವಿ ಮೇಷ್ಟ್ರು,
ದಿನವೂ ಹಿಂತಿರುಗಿ ಅದೇ ಜೋಕು ಹೇಳುವರು.
ಜೋಕು ಚೆನ್ನಾಗಿರಲಿಲ್ಲ.
ಒಂದು ದಿನ ಅವರು ಬರಲಿಲ್ಲ.
ಒಂದು ಹೆಜ್ಜೆ ಮುಂದೆ ಸರಿದೆ. ಖುಷಿಯಾಯಿತು.

ಇದೆಲ್ಲ ಪಿಟೀಲಿಗೆ ಒಗ್ಗುವುದಿಲ್ಲವೇನೋ.

ನನ್ನ ನಾದಿನಿ ತ್ಸಿಯುರಿಯಂತೂ ಚಿತ್ರದಲ್ಲೇ ಇಲ್ಲ.
"ಪಾತ್ರ ಜಾಸ್ತಿಯಾಗುತ್ತೆ ಅಮ್ಮ, ಕಥೆ ಚದುರಿಹೋಗುತ್ತೆ"
ಅಂದಿದ್ದ ನಿರ್ದೇಶಕ, ನನ್ನ ಮನೆಯ ಜಾಮು ತಿನ್ನುತ್ತಾ.
ಒಂದೇ ಕೋಣೆ, ಒಂದೇ ಸೀಮೆಎಣ್ಣೆ ಒಲೆ,
ಮಗುವನ್ನು ನಡುವೆ ಹಾಕಿಕೊಂಡು ಒಂದೇ ಹಾಸಿಗೆ,
ರಾತ್ರಿಯಿಡೀ ಅವಳ ಕೊರೆಯುವ ಪಾದ ನನ್ನ ಮೀನಖಂಡಕ್ಕೆ.
ಸಕ್ಕರೆಯನ್ನು ಅವಳಿಗೆ ಕಾಣದ ಹಾಗೆ
ಹೊಲಿಗೆ ಯಂತ್ರದ ಖಾನೆಯಲ್ಲಿ, ಚಿಂದಿಯ ಕೆಳಗೆ ಬಚ್ಚಿಟ್ಟಿದ್ದೆ.
ಅದೇ ಯಂತ್ರ ತುಳಿಯುತ್ತಾ ಅವಳು
ಊರವರ ಹಳೇ ಕೋಟುಗಳನ್ನು ತಿರುವಿಹಾಕಿ ಹೊಲಿಯುತ್ತಿದ್ದಳು,
ಖಾನೆಗೆ ಮೊಣಕಾಲು ತಾಗಿಸಿಕೊಂಡು.

ಪರದೆಯ ಮೇಲಿನ ನಾನು
ಆ ಸಕ್ಕರೆಯನ್ನು ಬೀದಿಯ ಮಕ್ಕಳಿಗೆ ಹಂಚಿಬಿಟ್ಟಳು.
ಹಿಂದಿನ ಸಾಲುಗಳಲ್ಲಿ ಮೂಗು ಒರೆಸಿಕೊಳ್ಳುವ ಸದ್ದು.
ಮೈಯೆಲ್ಲ ಉರಿಯಿತು ನನಗೆ, ಕದ್ದವಳಂತೆ.

ಕೊನೆಗೆ ಬೇಕರಿಯ ಬಾಗಿಲು ತೆಗೆದು, ಬಿಸಿಲಿಗೆ ಮುಖವೊಡ್ಡಿ
ಅವಳು ಗೆದ್ದಳು.
ಯಾರನ್ನು ಗೆದ್ದಳೋ ಗೊತ್ತಾಗಲಿಲ್ಲ.
ನಾನೇನೂ ಗೆಲ್ಲಲಿಲ್ಲ ಸ್ವಾಮಿ. ಒಂದು ಸಂಜೆ ಕರೆಂಟು ಬಂತು,
ಗೋಡೆಯ ತುಂಬ ಮಸಿ ಕಂಡಿತು,
ಅಯ್ಯೋ ಇದನ್ನು ಯಾರು ತಿಕ್ಕುವುದು ಅಂದುಕೊಂಡೆ.

ಈಗಲೂ ದೀಪ ಹತ್ತಿತು. ಚಪ್ಪಾಳೆ.
ಮೈಕು ಬಾಯಿಗೆ ಬಂತು. ಚೆನ್ನಾಗಿದೆ ಅಂದೆ.
ಅನ್ನ ಹಾಕಿದವರಲ್ಲದಿದ್ದರೂ ಹೂ ಕೊಟ್ಟವರಲ್ಲವೇ.

ತ್ಸಿಯುರಿ ಬಂದಿರಲಿಲ್ಲ, ಮೆಟ್ಟಿಲು ಹತ್ತಲಾರಳು.
ಹೂವನ್ನು ಅವಳ ಬಕೆಟ್ಟಿಗೆ ತುರುಕಿ
ಕೂತು ಹೇಳಿದೆ ಎಲ್ಲ, ಬಿಸಿಲು, ಪಿಟೀಲು, ಹುಬ್ಬು.
"ಸಕ್ಕರೆ?" ಅಂದಳು.
ಮೂವತ್ತು ವರ್ಷದಲ್ಲಿ ಮೊದಲ ಸಲ, ಆ ಮಾತು.
ಮಕ್ಕಳಿಗೆ ಹಂಚಿದೆ ಅಂದೆ.
ನಕ್ಕಳು. ಕೆಮ್ಮು ಬರುವವರೆಗೆ,
ಕಟ್ಟುಹಲ್ಲನ್ನು ಕೈಯಲ್ಲಿ ಹಿಡಿದುಕೊಳ್ಳುವವರೆಗೆ ನಕ್ಕಳು.
ಎಷ್ಟೋ ಇತ್ತು, ಎರಡು ಪಾವು ಇರಬೇಕು, ಅಂದೆ ನಾನು
ಸುಮ್ಮನೆ, ನೆಲ ನೋಡುತ್ತಾ.
"ಎರಡೂವರೆ" ಅಂದಳು ತ್ಸಿಯುರಿ,
"ದಿನಾ ಅಳೆಯುತ್ತಿದ್ದೆ."