ಮೈನಸ್ ನಲವತ್ತು

ಎಪ್ರಿಲ್ ಮಧ್ಯಾಹ್ನ, ಇಳಕಲ್ಲ ಬೈಪಾಸು.
ತಗಡಿನ ಕೆಳಗ ಪಾನಾ ಮುಟ್ಟಿದ್ರ ಬೊಬ್ಬಿ ಏಳೂ ಹೊತ್ತು.
ಸ್ಕ್ಯಾನರಿನ ಪರದೆಯೊಳಗ ಮಾತ್ರ
ಎಂಜಿನ್ನು ಮಂಜಿನಾಗ ನಿಂತಿತ್ತು:
ನೀರಿನ ಶಾಖ ಮೈನಸ್ ನಲವತ್ತು.
ಗಾಳಿಯ ಶಾಖ ಮೈನಸ್ ನಲವತ್ತು.

ಹುಲಗಪ್ಪ ಬಗ್ಗಿ ನೋಡಿ, ಹೆಗಲ ವಸ್ತ್ರದಲೇ ಬೆವರು ಒರಸಿ,
"ಇದು ಯಾವ ಊರಿಂದು ಹೇಳಾಕತ್ತೈತೋ ಮಿಸ್ತ್ರಿ?" ಅಂದ.

ಗಾಡಿಯ ಹುಟ್ಟಾ ಎಂಜಿನ್ನು
ಕೆಂಪು ಕಲ್ಲು ಹೇರಿಕೊಂಡು ಏರು ಹತ್ತೂವಾಗ ಸತ್ತಿತ್ತು.
ಈಗಿಂದು ಕೊಲ್ಲಾಪುರದ ಗುಜರಿಯೊಳಗ ಕೊಂಡದ್ದು,
ನಿಪ್ಪಾಣಿ ಹತ್ತಿರ ಮಗ್ಗಲಾದ ಯಾರದೋ ಗಾಡೀದು.
ಇಲಾಹಿ ಮೂರು ದಿನ ಸರಪಳಿಗೆ ತೂಗಿ ಕೂಡಿಸಿದ.
ಚೊಕ್ಕ ಕೆಲಸ. ಒಂದ ಚಾವಿಗೆ ಚಾಲೂ.
ಆದ್ರ ಮೂವತ್ತೈದು ದಾಟವಲ್ದು,
ಹಳದಿ ದೀಪ ಕಣ್ಣು ಮುಚ್ಚವಲ್ದು.

ಹಿಂದಿನ ಗ್ಯಾರೇಜಿನವರು ಅಂದಿದ್ರು: ಸೆನ್ಸರ್ ಬದಲಿಸು.
ಬದಲಿಸಿದ. ಬೂಸ್ಟಿಂದು, ನೀರಿಂದು,
ನಾಕು ಸಾವಿರದ ಎಂಟನೂರು.
ಡಬ್ಬಿ ಹೊಸಾವು, ಸುಳ್ಳು ಅದ ಹಳೇದು.

ನನಗ ಎಂಜಿನ್ ಬಿಚ್ಚಾಕ ಬರೂದಿಲ್ಲ.
ನಾ ವಾಯರಿನಾಂವ. ನೇಕಾರರ ಮನಿಯಾಂವ.
ನಮ್ಮವ್ವ ಒಡಲಿನ ಹಾಸಿಗೆ ಸೆರಗಿನ ಹಾಸು
ಎಳಿಗೆ ಎಳಿ ಕೊಂಡಿ ಹಾಕತಿದ್ಳು ಚಿಮಣಿ ಬೆಳಕಿನಾಗ.
ಒಂದು ಕೊಂಡಿ ತಪ್ಪಿದ್ರ
ಬೈಗುಳ ಬೀಳತಿದ್ದು ಮಗ್ಗಕ್ಕಲ್ಲ,
ಚಿಮಣಿ ಹಿಡಿದ ನನಗ.

ನಾಕು ಸಾಕ್ಷಿ ಕೂಡಿ ಒಂದ ಸುಳ್ಳು ಹೇಳಿದ್ರ
ಸಾಕ್ಷಿ ಬದಲಿಸಿ ಏನು ಬಂತು?
ನಾಕೂ ಮಂದಿ ಚಾ ಕುಡಿದ ಅಂಗಡಿ ಯಾವದು,
ಅದನ್ನ ಹುಡುಕಬೇಕು.

ಮೀಟರ್ ಹಚ್ಚಿದೆ. ಐದು ವೋಲ್ಟು ಬರತೈತಿ.
ಬಂದದ್ದು ಹೊಳ್ಳಿ ಹೋಗೂ ದಾರಿ ಇಲ್ಲ.
"ಹುಲಗಪ್ಪಾ, ಇದಕ್ಕ ಅರ್ತ್ ಇಲ್ಲ."
"ಅದು ನನಗೂ ಗೊತ್ತೈತಿ," ಅಂದ ಅಂವ,
"ಎರಡು ವಾರದಿಂದ ಇದರಾಗ ಏನೂ ಅರ್ಥ ಇಲ್ಲ."
ಸೈದು ನಕ್ಕ, ಟಾರ್ಚು ಅಲುಗಿತು,
ನಾ ಬೈದೆ, ನಮ್ಮವ್ವನ ಮಾತಿನಲೇ.

ಗೇರಬಾಕ್ಸು ಎಂಜಿನ್ನಿಗೆ ಕೂಡೂ ಸಂದಿಯೊಳಗ
ವಾಯರಿನ ಜಡಿ ಸಿಕ್ಕು ಚಪ್ಪಟಿ ಆಗಿತ್ತು.
ಕರಿ ಟೇಪು ಸುಲಿದೆ, ಅದರೊಳಗ ಯಾರೋ ಸುತ್ತಿದ ಬಟ್ಟಿ ಟೇಪು,
ಅದರೊಳಗ ಕಂದು ಬಣ್ಣದ ಒಂದ ವಾಯರು,
ಎಲ್ಲಾ ಸೆನ್ಸರು ತಮ್ಮ ಲೆಕ್ಕ ಮುಗಿಸೂದು ಅಲ್ಲಿ.
ಹೊರಗ ಇಡಿ, ಒಳಗ ತುಂಡು.
ಎಳೆದ್ರ ಗುಬ್ಬಿ ಕಾಲಿನಷ್ಟು ಹಗುರ ಬಂತು ಕೈಗೆ.

ಇಲಾಹಿ ನೋಡಿದ. ಏನೂ ಅನ್ನಲಿಲ್ಲ.
ಬೀಡಿ ಹಚ್ಚಿ, ಹಚ್ಚಿದ್ದು ಮರೆತು, ಇನ್ನೊಂದು ಹಚ್ಚಿದ.
ನಾನೂ ಏನೂ ಅನ್ನಲಿಲ್ಲ.
ಅಷ್ಟು ಕಬ್ಬಿಣ ತೂಗಿ ಇಳಿಸೂವಾಗ
ಒಂದು ಎಳಿ ಯಾರ ಕಣ್ಣಿಗೆ ಬೀಳತೈತಿ.

ಬೆಸುಗಿ ಹಾಕಿದೆ. ತೋಳು ತೊಡಿಸಿ ಲೈಟರ್ ತೋರಿಸಿದೆ.
ನೀರು ಎಂಬತ್ತೊಂದು.
ಗಾಳಿ ನಲವತ್ತಮೂರು.
ಇಳಕಲ್ಲಿಗೆ ಬಂತು ಗಾಡಿ.

ಇನ್ನೂ ಒಂದು ಬಾಕಿ: ಕಂಪ್ಯೂಟರ್ ಪೆಟ್ಟಿಗಿಯ ಬಾಯೊಳಗ
ಸತ್ತ ಎಂಜಿನ್ನಿನ ಇಂಜೆಕ್ಟರುಗಳ ಹೆಸರು.
ಹಲ್ಲುಜ್ಜೂ ಬ್ರಶ್ಶಿನಿಂದ ಎಣ್ಣಿಮಣ್ಣು ತಿಕ್ಕಿ
ಹೊಸಾವುಗಳ ನೆತ್ತಿಯ ಅಕ್ಷರ ಸೈದು ಕೂಗಿದ, ನಾ ಒತ್ತಿದೆ.
ಮೂರನೇದರ ಕೊನೀ ಅಕ್ಷರ ಸವೆದಿತ್ತು.
ಎಂಟು ಅಂದ ಸೈದು. ಬಿ ಅಂದೆ ನಾನು.
ಬಿ ಒತ್ತಿದೆ. ಪೆಟ್ಟಿಗಿ ಒಪ್ಪಿಕೊಂಡಿತು.
ಖಾಲಿ ನಿಂತಾಗ ಮೂರನೇದು ಈಗಲೂ ತುಸು ಗೊಣಗತೈತಿ.
ಎಂಟ ಇರಬೇಕೇನೋ.

ರಾತ್ರಿ ಹತ್ತೂವರಿಗೆ, ಕುಷ್ಟಗಿ ದಾಟಿ, ಫೋನ್ ಮಾಡಿದ:
"ಮಿಸ್ತ್ರಿ, ಮತ್ತ ಹಳದಿ ದೀಪ!"
ಉಣ್ಣಾಕತ್ತಾಂವ ರೊಟ್ಟಿ ಕೆಳಗಿಟ್ಟೆ.
"ದೀಪದಾಗ ಯಾವ ಚಿತ್ರ ಐತಿ ನೋಡು."
ಬಾಳ ಹೊತ್ತು ಎಂಜಿನ್ನಿನ ಸಪ್ಪಳ ಅಷ್ಟ ಕೇಳಿತು,
ಅರವತ್ತರ ಮ್ಯಾಲಿನ ಸಪ್ಪಳ.
"ಡೀಸೆಲ್ ಪಂಪಿಂದು," ಅಂದ,
ಸಣ್ಣ ದನಿಯೊಳಗ.