ಪಾವತಿ

ಇಲೆಕ್ಷನ್ ಬಂತಂದ್ರ ಕೋವಿ ಸ್ಟೇಷನ್ನಿಗೆ ಜಮಾ.
ಅಪ್ಪ ಇದ್ದಾಗ ಆಳಿನ ಕೈಲೆ ಕಳಸ್ತಿದ್ದ.
ಅಣ್ಣ ಹೋದಮ್ಯಾಲ ಲೈಸನ್ಸು ನನ್ನ ಹೆಸರಿಗೆ,
ಅದಕ್ಕ ಈ ಸಲ ನಾನ ಹೊಂಟೀನಿ,
ಹಳೇ ಇಳಕಲ್ ಸೀರಿಯಾಗ ಸುತ್ತಿ
ಕೂಸಿನಂಗ ತೊಡಿಮ್ಯಾಲಿಟ್ಟು, ಶಿರಹಟ್ಟಿ ಬಸ್ಸಿನ್ಯಾಗ.
ಕಂಡಕ್ಟರ್ ಏನೂ ಕೇಳಲಿಲ್ಲ. ಗೌಡ್ರ ಮನಿ ಅಂತ ಅವಗ ಗೊತ್ತು.

ಅಗಸಿ ಕಾಯ್ತಿದ್ದ ಫಕೀರಗೌಡ, ಅಪ್ಪನ ಮುತ್ತಜ್ಜ.
ಕಂಪನಿಯವರು ಊರೂರು ತಿರುಗಿ ಆಯುಧ ಕೇಳಿದಾಗ
ಹನ್ನೊಂದು ಕತ್ತಿ ಎಣಿಸಿ ಕೊಟ್ಟ.
ಹನ್ನೆರಡನೇದು ಹಗೇವಿನ ತಳಕ್ಕ, ಜ್ವಾಳದ ಕೆಳಗ.
ಕೊಡಲಾರದ ಸತ್ತವರು ಲಾವಣಿಯೊಳಗದಾರ,
ಕೊಟ್ಟವರು ದಫ್ತರದಾಗ.

ಬಸ್ರಾಕ್ಕ ಹೋಗಿ ಬಂದ ನಿಂಗನಗೌಡಜ್ಜಗ
ಎಡಗಿವಿ ಕೇಳ್ತಿದ್ದಿಲ್ಲ.
ಯಾರರ ಯುದ್ಧದ ಸುದ್ದಿ ಕೇಳಿದ್ರ
ಆ ಕಿವೀನ ಮುಂದ ಮಾಡ್ತಿದ್ದ.

ಕೋವಿ ಕೊಂಡಾವ ನಮ್ಮಪ್ಪ, ತಿರಕನಗೌಡ.
ಎರಡು ಸಲ ಆರಿಸಿ ಬಂದ, ಮೂರು ಸಲ ಬಿದ್ದ.
ಶೇಂಗಾದ ಹೊಲದಾಗಿನ ಮಂಗ್ಯಾಗೋಳು ಬಿಟ್ರ
ಅದರ ಸಪ್ಪಳ ಯಾರೂ ಕೇಳಿಲ್ಲ.
ಭಾಷಣದಾಗ ಮಾತ್ರ
‘ನಮ್ಮದು ರಕ್ತ ಕೊಟ್ಟ ಮನಿ’ ಅಂತಿದ್ದ.
ಯಾರ ರಕ್ತ, ಅಂತ ಅವ್ವ
ರೊಟ್ಟಿ ಬಡಿಯೂದು ನಿಲ್ಲಿಸಿ ಒಂದ್ಸಲ ಕೇಳಿದ್ಲು.
ಆಮ್ಯಾಲ ಮತ್ತ ಬಡದ್ಲು.

ನಲವತ್ತೊಂದು ಓಟಿನ್ಯಾಗ ಅಪ್ಪ ಸೋತ ವರ್ಷ
ಪಠಾಣಕೋಟದಿಂದ ಸೋಮಣ್ಣ ರಜಾಕ್ಕ ಬಂದಿದ್ದ.
ಅವನ ಟಪಾಲು ಓಟು ಎಣಿಕಿ ಮುಗಿದು
ಮೂರನೇ ದಿನಕ್ಕ ಗದಗ ಮುಟ್ಟಿತ್ತಂತ.
‘ಯಾರಿಗೆ ಹಾಕಿದ್ದಿ?’ ಅಂದ ಅಪ್ಪ.
ಅಣ್ಣ ಬೂಟಿನ ಲಾಡಿ ಬಿಚ್ಚಾಕತ್ತಿದ್ದ.
ಬಾಳ ಹೊತ್ತು ಬಿಚ್ಚಿದ.

ಸ್ಟೇಷನ್ನಿನ್ಯಾಗ ಸಣ್ಣ ಹುಡುಗಿ, ಎದಿಮ್ಯಾಲ ಹೆಸರು:
ರೇಣವ್ವ ಹರಣಶಿಕಾರಿ.
ಅವರಜ್ಜನ್ನ ನಮ್ಮ ಚಾವಡಿಗೆ ದಿನಾ ಸಂಜಿಕೆ
ಹಾಜರಿಗೆ ನಿಲ್ಲಸ್ತಿದ್ರು, ಎಲ್ಲೂ ಓಡಿಹೋಗಿಲ್ಲ ಅಂತ.
ಆಕಿಗೆ ಗೊತ್ತೈತೋ ಇಲ್ಲೋ.
ನಳಿಗಿ ಮುರದು ಕಣ್ಣಿಗೆ ಹಿಡಿದು ಬೆಳಕು ನೋಡಿದ್ಲು.
‘ಕೋವಿ ಒಂದು, ತೋಟಾ ಏಳು. ಮತ್ತೇನರ?’
ಹಗೇವು ನೆನಪಾತು.
ಅದರ ಮ್ಯಾಲ ಕಾಂಕ್ರೀಟ ಹಾಕಿ
ಪಕ್ಷದ ಆಫೀಸು ಕಟ್ಟಿಸ್ಯಾನ ಅಪ್ಪ.
ಇಲ್ಲವಾ, ಅಂದೆ.
‘ಮಹಿಳಾ ಸೀಟಿಗೆ ನೀವ ನಿಂತೀರಂತಲ್ರಿ?’
ಹೂಂ, ಅಂದೆ. ಸಹಿ ಮಾಡಿದೆ.
ಪಾವತಿ ಹರಿದು ಕೊಟ್ಲು.

ಬರುವಾಗ ಬ್ಯಾರೆ ಬಸ್ಸು. ತೊಡಿ ಹಗುರ,
ಕೈ ಎಲ್ಲಿಡಬೇಕೋ ತಿಳೀವಲ್ದು.
‘ಆಧಾರ್ ತೋರ್ಸ್ರಿ’ ಅಂದ ಕಂಡಕ್ಟರ್.
ತೋರಿಸಿದೆ.
ಸೊನ್ನಿ ರೂಪಾಯಿ ಟಿಕೀಟು ಹರಿದು ಕೊಟ್ಟ.