ಏರಿದ ಮಟ್ಟ

ಮದ್ದೂರಿನಿಂದ ಓಡಿ ಬರುವಾಗ ಇಲ್ಲದ ಕೆಂಪು ದೀಪ
ಮಂಡ್ಯದ ಮೊದಲ ಸಿಗ್ನಲ್ಲಿನಲ್ಲಿ ಮಿಣುಕಿತು.
ಎಂಬತ್ತೇಳರ ಪದ್ಮಿನಿ
ನಿಂತಲ್ಲೇ ಕುಂಟುತ್ತಿತ್ತು,
ಡ್ಯಾಶ್‌ಬೋರ್ಡಿನ ಚಿಲ್ಲರೆ ತಾಳ ತಪ್ಪಿ ಕುಣಿಯುತ್ತಿತ್ತು.

ಬೇರಿಂಗು ಎಂದವನು ರೇಟು ಹೇಳುವ ಮುಂಚೆ
ನನ್ನ ಚಪ್ಪಲಿ ನೋಡಿದ.
ಗುಜರಿಗೆ ಹಾಕಿ ಮೇಡಂ ಎಂದವನು
ಪಾಪ, ಟೀ ಕೊಡಿಸಿದ.

ಗುತ್ತಲು ರಸ್ತೆಯ ಜಬೀವುಲ್ಲಾ ಏನೂ ಹೇಳಲಿಲ್ಲ.
ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಯ ಹಿಂದಿನ ಮೂಳೆಗೆ;
ಕಬ್ಬಿನ ಟ್ರ್ಯಾಕ್ಟರೊಂದು ಹಾದುಹೋಗುವಷ್ಟು ಹೊತ್ತು
ಕಣ್ಣು ಮುಚ್ಚಿ ನಿಂತ.
ಆಮೇಲೆ ಡಿಪ್‌ಸ್ಟಿಕ್ ಎಳೆದು, ಬನೀನಿನ ಚೂರಲ್ಲಿ ಒರೆಸಿ,
ಮತ್ತೆ ಅದ್ದಿ ಎಳೆದ.

"ಆಯಿಲ್ ಯಾವಾಗ ಹಾಕ್ಸಿದ್ರಿ?"
ಯುಗಾದಿಗೆ.
"ಆಮ್ಯಾಕೆ?"
ಇಲ್ಲ.
"ಮತ್ತೆ ಏರ್‌ಬುಟ್ಟದಲ್ಲವ್ವ!"

ಏರಿತ್ತು. ಗೆರೆಯ ಮೇಲೆ ಒಂದು ಬೆರಳು.
ದಿನಾ ಬೆಳಿಗ್ಗೆ ನೋಡಿ ನೆಮ್ಮದಿಪಟ್ಟಿದ್ದೆ ನಾನು,
ಇಳಿದಿಲ್ಲವಲ್ಲ ಎಂದು.
ಕಡ್ಡಿಯನ್ನು ನನ್ನ ಮೂಗಿಗೆ ಹಿಡಿದ.
ಪೆಟ್ರೋಲು.

ಪಂಪು ಬಿಚ್ಚಿದಾಗ ಸಿಕ್ಕಿದ್ದು ರಬ್ಬರಿನ ಒಂದು ಪೊರೆ,
ಸಂಡಿಗೆಯಷ್ಟಗಲ,
ಉಗುರು ತೂರುವಷ್ಟು ಹರಿದದ್ದು.
"ಅನ್ನಕ್ಕೆ ಉಯ್ಯೋ ನೀರು ಸಾರಿಗೆ ಸೇರ್ಕಂಡದೆ, ಅಷ್ಟೆಯಾ.
ಅನ್ನವೂ ಬೇಯಲ್ಲ, ಸಾರೂ ತೆಳ್ಳಗೆ."

ಪೊರೆಗೆ ನೂರಾ ಎಂಬತ್ತು, ಹೊಸ ಆಯಿಲಿನದು ಬೇರೆ.
ಕತ್ತಲಾಗುವಾಗ ಅದೇ ಸಿಗ್ನಲ್ಲು.
ದೀಪವಿಲ್ಲ. ಚಿಲ್ಲರೆ ಗಪ್‌ಚಿಪ್.
ಹಿಂದಿನವನು ಹಾರ್ನ್ ಹೊಡೆದ ಮೇಲೇ
ಹಸಿರಾಗಿದೆಯೆಂದು ತಿಳಿದದ್ದು.

ಮಾರನೆಯ ಬೆಳಿಗ್ಗೆ ಹಾಲಿನ ಪುಟ್ಟಲಿಂಗಮ್ಮ
ಅಳತೆಗಿಂತ ಒಂದು ಗುಟುಕು ಹೆಚ್ಚೇ ಹೊಯ್ದಳು.
ಅವಳು ಗೇಟು ದಾಟಲೆಂದು ಕಾದು
ಪಾತ್ರೆಯನ್ನು ಮೂಸಿ ನೋಡಿದೆ.